ಕೂರಿಸದೆ ಬಿಟ್ಟ ಹೆಂಚು

ಕಚೇರಿ ಸ್ವಚ್ಛ ಇಡುವುದೆಂದರೆ ಬೆಳಿಗ್ಗೆ ಕಸ ಗುಡಿಸಿ, ಮೇಜು ಒರೆಸಿ, ಕುಡಿಯುವ ನೀರು ತುಂಬಿಸಿಡುವುದು ಎಂದು ಈ ಕೆಲಸಕ್ಕೆ ಹೊಸದಾಗಿ ಬಂದವರು ತಿಳಿದಿರುತ್ತಾರೆ. ಅದು ದಿನದ ಕೆಲಸ. ನಾನು ಇಲ್ಲಿ ಬರೆಯುವುದು ವರ್ಷದ ಕೆಲಸದ ಬಗ್ಗೆ. ಬಿಸಿಲು, ಮಳೆ, ಚಳಿ ಒಂದೊಂದೂ ಕಟ್ಟಡಕ್ಕೆ ತನ್ನದೇ ರೀತಿಯಲ್ಲಿ ಕೆಡುಕು ಮಾಡುತ್ತದೆ. ಆ ಕೆಡುಕು ಬರುವ ಮೊದಲು ಹೋಗಿ ಅದರ ಹಾದಿಗೆ ಅಡ್ಡ ನಿಲ್ಲುವುದು ನಮ್ಮ ಕೆಲಸವಾಗಿತ್ತು.

ಮೊದಲ ಮಹಾಯುದ್ಧ ಮುಗಿದ ಮೇಲೆ ಸೇರಿ, ಸ್ವಾತಂತ್ರ್ಯ ಬಂದ ವರ್ಷ ಬಿಟ್ಟೆ. ನಮ್ಮ ಗುತ್ತಿಗೆದಾರರು ಪುಣೆಯ ಕ್ಯಾಂಪ್ ಭಾಗದ ಕೆಲವು ಕಂಪನಿಗಳ ಕಚೇರಿಗಳನ್ನೂ ಪೇಟೆಯ ಕೆಲವು ದೊಡ್ಡ ಅಂಗಡಿಗಳನ್ನೂ ನೋಡಿಕೊಳ್ಳುತ್ತಿದ್ದರು. ಅವರಲ್ಲಿ ನಾನು ಮೇಲ್ವಿಚಾರಕ. ಅದಕ್ಕೂ ಮೊದಲು ಧಾರವಾಡದ ಒಂದು ವಾರಪತ್ರಿಕೆಯಲ್ಲಿ ಕರಡು ತಿದ್ದುತ್ತಿದ್ದೆ, ಆಗೀಗ ಊರಿನ ಸುದ್ದಿಯನ್ನೂ ಬರೆಯುತ್ತಿದ್ದೆ. ಕಂಡದ್ದನ್ನು ಕಂಡೆನೆಂದು ಬರೆ, ಕೇಳಿದ್ದಾದರೆ ಯಾರ ಬಾಯಿಂದ ಕೇಳಿದೆ ಎಂಬುದನ್ನೂ ಬರೆ, ನಿನಗೆ ಅನಿಸಿದ್ದನ್ನು ಮನೆಯಲ್ಲಿಟ್ಟು ಬಾ ಎಂದು ಸಂಪಾದಕರು ಹೇಳುತ್ತಿದ್ದರು. ಪತ್ರಿಕೆ ನಿಂತುಹೋಯಿತು. ಮಾತು ಉಳಿದಿದೆ, ಅದರಂತೆಯೇ ಬರೆಯಲು ನೋಡುತ್ತೇನೆ.

ವರ್ಷದ ಕೆಲಸ ಚೈತ್ರದಲ್ಲಿ ಶುರುವಾಗುತ್ತಿತ್ತು. ಲಾವಂಚದ ಬೇರಿನ ತಟ್ಟಿಗಳನ್ನು ಹೆಣೆಸಿ ಪಡುವಣ ಬಾಗಿಲುಗಳಿಗೆ ಕಟ್ಟಿಸಿ, ಅವಕ್ಕೆ ನೀರು ಹೊಡೆಯಲು ಜನ ಇಡಬೇಕು. ಗಾಳಿ ಬೀಸುವ ಕಡೆ ನೋಡದೆ ಕಟ್ಟಿದರೆ ತಂಪು ಹೊರಗೇ ಉಳಿದು ಬರೀ ಸೊಳ್ಳೆ ಒಳಗೆ ಬರುತ್ತವೆ. ವೈಶಾಖದಲ್ಲಿ ಮಾಡಿನ ಕೆಲಸ. ನಾಡಹೆಂಚುಗಳನ್ನೆಲ್ಲ ಇಳಿಸಿ, ಒಡೆದವನ್ನು ತೆಗೆದು, ಮತ್ತೆ ಸಾಲಾಗಿ ಹೊದಿಸುವ ಈ ಕೆಲಸಕ್ಕೆ ಮರಾಠಿಯಲ್ಲಿ ಶಾಕಾರಣಿ ಎನ್ನುತ್ತಾರೆ. ಜ್ಯೇಷ್ಠದಲ್ಲಿ ಮೋರಿ, ನೀರಿನ ದೋಣಿ, ಕಿಟಕಿಯ ತಿರುಗಣೆ, ಗೆದ್ದಲು. ಅಷ್ಟರಲ್ಲಿ ಲೋಣಾವಳಾ ಕಡೆಯ ಘಟ್ಟದ ಮೇಲೆ ಮೋಡ ಕೂತಿರುತ್ತಿತ್ತು. ಮುಂಬೈ ಸರಕಾರ ಮಳೆಗಾಲಕ್ಕೆಂದು ಪುಣೆಗೆ ಬರುವ ಕಾಲ ಅದು. ಸರಕಾರದ ಬೆನ್ನಿಗೆ ಕಂಪನಿಗಳ ದೊಡ್ಡ ಸಾಹೇಬರೂ ಬರುತ್ತಿದ್ದರು. ಎಂಟು ತಿಂಗಳು ಅರ್ಧ ಮುಚ್ಚಿದ್ದ ಕೋಣೆಗಳು, ಜಗತ್ತಿನಲ್ಲಿ ಧೂಳೆಂಬುದೇ ಇಲ್ಲವೇನೋ ಎಂಬಂತೆ ಅವರ ಎದುರು ತೆರೆದುಕೊಳ್ಳಬೇಕು. ಶ್ರಾವಣದಲ್ಲಿ ಚರ್ಮದ ರಟ್ಟಿನ ಪುಸ್ತಕಗಳಿಗೆ ಬೂಷ್ಟು ಹಿಡಿಯುತ್ತದೆ, ಒಣ ಅರಿವೆಯಿಂದ ಒಂದೊಂದನ್ನೇ ಒರೆಸಬೇಕು. ದಸರೆಯ ಹೊತ್ತಿಗೆ ಗೋಡೆಗೆ ಸುಣ್ಣ. ಚಳಿಗೆ ಮರದ ಸಾಮಾನಿನ ಎಣ್ಣೆ, ಅರಗು, ಬಿಸಿಲಿಗೆ ಹಾಕಿದ ತೆಂಗಿನ ನಾರಿನ ಕಾಥಾ ಚಾಪೆ.

ಮರದ ಎಣ್ಣೆಯನ್ನು ಚಳಿಗೇ ಏಕೆ ಇಟ್ಟಿದ್ದೆವು ಎಂಬುದು ನನಗೆ ಮನವರಿಕೆಯಾದದ್ದು ಹುದ್ದಾರ ಗುರುನಾಥರಾಯರಿಂದ. ಹತ್ತಿ ವ್ಯಾಪಾರದ ಒಂದು ಕಂಪನಿಯ ಪುಣೆ ಕಚೇರಿಯಲ್ಲಿ ಅವರು ಹೆಡ್ ಕ್ಲಾರ್ಕ್, ಬೆಳಗಾವಿ ಕಡೆಯವರು. ಮೂಗಿನ ತುದಿಗೆ ಕನ್ನಡಕ, ಕರಿ ಟೊಪ್ಪಿಗೆ, ಎರಡು ಮಡಿಕೆಯ ಉಪರಣೆ. ಮೇಜಿನ ಮೇಲೆ ಒಂದು ಸೂಜಿ ಓರೆಯಾಗಿ ಬಿದ್ದಿದ್ದರೂ ನೇರ ಮಾಡುವ ಜನ. ಒಂದು ಮಳೆಗಾಲ ಸಾಹೇಬ ಬರುವ ಮೊದಲು ಅವರು ನನ್ನನ್ನು ಕರೆಸಿದರು.

“ವೆಂಕಣ್ಣಾ, ದೊಡ್ಡ ಮೇಜಿಗೆ ಅಗಸಿ ಎಣ್ಣಿ ಹಚ್ಚಸು. ಕನ್ನಡಿಹಂಗ ಹೊಳೀಬೇಕು.”

“ರಾಯರ, ಮಳಿ ಬಿದ್ದದ. ಈಗ ಹಚ್ಚಿದ್ರ ಆರಂಗಿಲ್ರಿ.”

“ಮಳಿ ಹೊರಗ ಬಿದ್ದದ. ಮೇಜು ಒಳಗದ.”

ಹಚ್ಚಿಸಿದೆ. ಮೇಜು ಹೊಳೆಯಿತು. ಸಾಹೇಬ ಬಂದು ಕುಳಿತು ಮೊಣಕೈ ಊರಿದ. ಏನೋ ಹೇಳಲು ಕೈ ಎತ್ತಿದಾಗ ತೋಳಿಗೆ ಅಂಟಿಕೊಂಡು ಒಂದು ಕಾಗದವೂ ಮೇಲೆದ್ದಿತು. ಎಡಗೈಯಿಂದ ಅದನ್ನು ಬಿಡಿಸಹೋದಾಗ ಎಡತೋಳಿಗೆ ಇನ್ನೊಂದು. ಗುಮಾಸ್ತರೆಲ್ಲ ತಲೆ ತಗ್ಗಿಸಿ ಬರೆಯತೊಡಗಿದರು. ಬರೆಯಲು ಏನೂ ಇಲ್ಲದವರೂ ಬರೆದರು. ಸಾಹೇಬ ಹೋದ ಮೇಲೆ ಸೀಮೆಸುಣ್ಣದ ಪುಡಿ ಉದುರಿಸಿ ಉಜ್ಜಿ ಆ ಅಂಟು ತೆಗೆಯುವುದರಲ್ಲಿ ನಮ್ಮ ಜನಕ್ಕೆ ಸಾಕುಬೇಕಾಯಿತು.

ರಾಯರು ಪಕ್ಕದಲ್ಲೇ ನಿಂತು ನೋಡುತ್ತಿದ್ದರು. ಕೊನೆಗೆ ಹೇಳಿದರು: “ವೆಂಕಣ್ಣಾ, ಮುಂದಿನ ಸಲ ನಾ ಹೇಳಿದ್ರೂ ಕೇಳಬ್ಯಾಡ.”

ಇಷ್ಟು ಹೇಳುವ ಅಧಿಕಾರಿಗಳು ಕಡಿಮೆ. ನನ್ನ ಕಾಲದಲ್ಲಿ ನಾನು ಕಂಡದ್ದು ಇವರೊಬ್ಬರನ್ನೇ. ಮುಂದಿನದನ್ನು ಓದುವಾಗ ಇದು ನೆನಪಿರಲಿ ಎಂದು ಮೊದಲೇ ಬರೆದಿದ್ದೇನೆ.

ಮಾಡಿನ ಕೆಲಸದ ಮುಖ್ಯಸ್ಥ ಸಖಾರಾಮ. ಅವನ ಹೆಂಡತಿ ತಾನೂಬಾಯಿ ಹೆಂಚು ಹೊತ್ತು ಏಣಿಯ ಮೇಲೆ ದಾಟಿಸುತ್ತಿದ್ದಳು. ಮಳೆ ಹಿಡಿದ ಮೇಲೆ ಒಳಗಿನ ಒರೆಸುವ ಕೆಲಸವೂ ಅವಳದೇ. ಇಬ್ಬರದೂ ಮರಾಠಿ. ನನ್ನ ಕಿವಿಗೆ ಅದು ನಮ್ಮ ಕಡೆಯ ಕನ್ನಡವಾಗಿಯೇ ಬೀಳುತ್ತಿತ್ತು, ಹಾಗೆಯೇ ಬರೆಯುತ್ತೇನೆ. ಕರಡು ತಿದ್ದುತ್ತಿದ್ದವನೆಂದು ಗೊತ್ತಾದ ಮೇಲೆ ಅವರು ನನ್ನನ್ನು ಮಾಸ್ತರ ಎಂದು ಕರೆದರು. ನಾನು ಯಾರಿಗೂ ಏನೂ ಕಲಿಸಿದವನಲ್ಲ.

ತಾನೂಬಾಯಿಯ ಒಂದು ಪದ್ಧತಿ ನನಗೆ ಮೊದಮೊದಲು ಸೋಮಾರಿತನವಾಗಿ ಕಂಡಿತ್ತು. ಮಳೆಗಾಲ ಮುಗಿಸಿ ಸಾಹೇಬ ಮುಂಬೈಗೆ ಹೊರಟ ದಿನ ಅವಳು ಆ ಕೋಣೆಯಲ್ಲಿ ಪೊರಕೆ ಮುಟ್ಟುತ್ತಿರಲಿಲ್ಲ. ಕಾಗದದ ಚೂರು, ಚುಟ್ಟಾದ ಬೂದಿ, ಹೊಳಪು ಕಳೆದ ಗುಂಡಿ, ಎಲ್ಲ ಹಾಗೇ ಬಿದ್ದಿರುತ್ತಿದ್ದವು. ಮರುದಿನ ಬೆಳಿಗ್ಗೆ ಗುಡಿಸುತ್ತಿದ್ದಳು. ಕೇಳಿದ್ದಕ್ಕೆ, “ಹೋದ ಮನಷಾ ಹೋದಲ್ಲಿ ಮುಟ್ಟಲಿ ಮಾಸ್ತರ. ಬೆನ್ನಿಗೇ ಹೊಡದ್ರ ಅವನ್ನೂ ಹೊರಗ ಹೊಡದಂಗ,” ಎಂದಳು. ನಮ್ಮ ತಾಯಿಯೂ ಹೀಗೆಯೇ ಮಾಡುತ್ತಿದ್ದಳು. ಮನೆಯಲ್ಲಿ ಕಂಡಿದ್ದೆ, ಆದರೆ ಕಚೇರಿಗೂ ಈ ನಿಯಮ ಅನ್ವಯಿಸುತ್ತದೆಂದು ಹೊಳೆದಿರಲಿಲ್ಲ.

ಸಖಾರಾಮ ವಾರಕರಿ. ಪ್ರತಿವರ್ಷ ಆಷಾಢ ಏಕಾದಶಿಗೆ, ಸಂತರ ಪಾದುಕೆ ಹೊತ್ತ ಪಾಲಖಿಯ ಜೊತೆ ಪಂಢರಪುರಕ್ಕೆ ನಡೆಯುವವನು, ಅವನ ತಂದೆಯೂ ನಡೆದವನು. ನಮ್ಮ ಮಾಡಿನ ಕೆಲಸಗಾರರಲ್ಲಿ ಹೆಚ್ಚಿನವರು ಅದೇ ಹಾದಿಯವರಾದ್ದರಿಂದ ಕೆಲಸದ ಕೊನೆಯ ದಿನವನ್ನು ಕಂಪನಿಯೂ ಗುತ್ತಿಗೆದಾರರೂ ಗೊತ್ತು ಮಾಡುತ್ತಿರಲಿಲ್ಲ, ಪಾಲಖಿ ಗೊತ್ತು ಮಾಡುತ್ತಿತ್ತು. ಅದು ಪುಣೆಯಲ್ಲಿ ತಂಗಿ ಊರೆಲ್ಲ ಭಜನೆಯಲ್ಲಿದ್ದಾಗಲೂ ಸಖಾರಾಮ ಮಾಡಿನ ಮೇಲಿರುತ್ತಿದ್ದ. ಪಾಲಖಿ ದಿವೆ ಘಾಟ ಏರಿ ಸಾಸವಡದಲ್ಲಿ ಇಳಿದ ಮೇಲೆ, ಹಿಂದಿನಿಂದ ಬಿರಬಿರನೆ ನಡೆದುಹೋಗಿ ಅಲ್ಲಿ ಕೂಡಿಕೊಳ್ಳುತ್ತಿದ್ದ.

ನಾನು ಸೇರಿದ ಹೊಸತರಲ್ಲಿ ಹತ್ತಿ ಕಂಪನಿಯ ಮಾಡು ಮುಗಿದಿದೆ ಎಂದಾಗ ಏಣಿ ಹತ್ತಿ ನೋಡಿದೆ. ಮಾಡಿನ ನೆತ್ತಿಯ ಉದ್ದಕ್ಕೂ ಕವುಚಿದ ಹೆಂಚುಗಳನ್ನು ಗಾರೆ ಹಾಕಿ ಕೂರಿಸಿತ್ತು. ತುದಿಯ ಒಂದು ಮಾತ್ರ ಗಾರೆಯಿಲ್ಲದೆ ಹಾಗೇ ಇಟ್ಟಿತ್ತು.

“ಸಖಾರಾಮ, ಇದೊಂದು ಉಳೀತಲ್ಲೋ.”

“ಉಳಿದಿಲ್ಲ ಮಾಸ್ತರ, ಉಳಿಸೀನಿ.”

“ಯಾತಕ್ಕ?”

“ಬಂದ ಮ್ಯಾಲೆ ಕೂಡ್ರಸ್ತೀನಿ. ಕೆಲಸಾ ಬಾಕಿ ಇಟ್ಟು ಹೋದಾಂವ ಹಾದಿಯಾಗ ಸಾಯಾಕ ಪುರಸೊತ್ತು ಎಲ್ಲದ?”

ನಗುತ್ತಲೇ ಹೇಳಿದ. ಉಳಿದದ್ದನ್ನು ತಾನೂಬಾಯಿ ಆಮೇಲೆ ಹೇಳಿದಳು. ಸಖಾರಾಮನ ತಂದೆ ಒಂದು ವರ್ಷ ಹಿಡಿದ ಮಾಡುಗಳನ್ನೆಲ್ಲ ಪೂರ್ತಿ ಮುಗಿಸಿ, ಗಾರೆಯ ಬಾಣಲೆಯನ್ನೂ ತೊಳೆದು ಬೋರಲು ಹಾಕಿ, ಇನ್ನು ಯಾರದೂ ಬಾಕಿಯಿಲ್ಲ ಎಂದು ಹೇಳಿ ಹೊರಟಿದ್ದನಂತೆ. ಪಂಢರಪುರದಲ್ಲಿ ವಾಂತಿಭೇದಿಯಾಗಿ ಹೋದ. ಅಂದಿನಿಂದ ಮಗ ಪ್ರತಿವರ್ಷ ಒಂದು ಹೆಂಚನ್ನು ಕೂರಿಸದೆ ಬಿಡುತ್ತಾನೆ. ಇದು ಕೇಳಿದ್ದು, ನಾನು ಕಂಡದ್ದಲ್ಲ. ಹೆಂಚನ್ನು ಮಾತ್ರ ವರ್ಷವರ್ಷವೂ ಕಂಡಿದ್ದೇನೆ. ಸಾಧಾರಣ ಮಳೆಗೆ ಅದು ಅಲುಗುತ್ತಿರಲಿಲ್ಲ. ಸಖಾರಾಮ ಹುಣ್ಣಿಮೆ ಮುಗಿಸಿ ಮರಳಿ, ಅದಕ್ಕೆ ಗಾರೆ ಹಾಕಿ ಕೂರಿಸಿ, ಕೆಳಗಿಳಿದು ನಮಗೆಲ್ಲ ಚುರಮುರಿ, ಬತ್ತಾಸು ಹಂಚುತ್ತಿದ್ದ.

ಎಣ್ಣೆಯ ಪ್ರಸಂಗವಾಗಿ ಒಂದೆರಡು ವರ್ಷ ಆಗಿರಬೇಕು. ಆ ವರ್ಷ ಸಖಾರಾಮ ಪಂಢರಪುರಕ್ಕೆ ಹೊರಟ ಮೇಲೆ ಮಳೆಯ ಜೊತೆ ಗಾಳಿ ಬಂತು. ನಾನು ತಳೇಗಾಂವ ದಾಭಾಡೆಯಲ್ಲಿ ಒಂದು ಗೋದಾಮಿನ ಮಾಡು ಹಾರಿಹೋಗಿದ್ದನ್ನು ಸರಿಪಡಿಸಲು ಉಳಿದ ಜನರನ್ನು ಕರೆದುಕೊಂಡು ಹೋಗಿದ್ದೆ. ಇತ್ತ ಹತ್ತಿ ಕಂಪನಿಯ ಮಾಡಿನ ಆ ಒಂಟಿ ಹೆಂಚು ಗಾಳಿಗೆ ಬೆರಳಷ್ಟು ಸರಿದು, ನೀರು ನೇರವಾಗಿ ಹುದ್ದಾರ ರಾಯರ ಮೇಜಿನ ಮೇಲೆ ಬಿದ್ದಿತು. ರಾಯರು ಪಕ್ಕದ ಬಂಗಲೆಯಲ್ಲಿ ಗಾರೆ ಕೆಲಸಕ್ಕಿದ್ದ ಒಬ್ಬ ಗವಂಡಿಯನ್ನು ಕರೆಸಿ, ಅದನ್ನು ಸುಣ್ಣದ ಗಾರೆಯಲ್ಲಿ ಭದ್ರ ಮಾಡಿಸಿದರು. ಯಾರಾದರೂ ಮಾಡುತ್ತಿದ್ದುದು ಅದನ್ನೇ.

ನಾನು ಮರಳಿದಾಗ ಅವರಿಗೆ ಸಮಾಧಾನವಾಗಿತ್ತು. “ನಿನ್ನ ಸಖಾರಾಮ ಅರ್ಧಾ ಬಿಟ್ಟು ಹೋದ ಕೆಲಸಾ ನಾ ಪೂರಾ ಮಾಡಿಸೀನಿ ನೋಡು.”

“ಅದು ಬಿಟ್ಟು ಹೋದದ್ದಲ್ರಿ ರಾಯರ,” ಎಂದು ಆ ಹೆಂಚಿನ ವಿಷಯ ಹೇಳಿದೆ.

ಅವರು ಕೇಳಿಸಿಕೊಂಡರು. “ಬರ್ಲಿ ತಗೋ. ಇನ್ನೊಂದು ಹೆಂಚು ತಗದು ಕೊಡೂಣು, ಅದನ್ನ ಕೂಡ್ರಸ್ಲಿ.” ಮಾತು ಅಲ್ಲಿಗೆ ನಿಂತಿತು.

ಏಕಾದಶಿ ಆಯಿತು, ಹುಣ್ಣಿಮೆ ಆಯಿತು. ನಮ್ಮ ಕೆಲಸಗಾರರು ಒಬ್ಬೊಬ್ಬರೇ ಮರಳಿದರು. ಸಖಾರಾಮ ಬರಲಿಲ್ಲ. ದ್ವಾದಶಿಯಂದು ಪಂಢರಪುರದ ಹೊಳೆ ಚಂದ್ರಭಾಗೆಯ ಮರಳಿನಲ್ಲಿ ಅವನನ್ನು ಕಂಡೆ ಎಂದು ಒಬ್ಬ ಹೇಳಿದ. ಮರಳುವ ಹಾದಿಯ ಒಂದು ತಂಗುದಾಣದಲ್ಲಿ ವಾಂತಿಭೇದಿಯ ಬೇನೆ ಬಿದ್ದಿದೆ, ಅಲ್ಲಿಂದ ಯಾರನ್ನೂ ಮುಂದೆ ಬಿಡುತ್ತಿಲ್ಲ ಎಂದು ಇನ್ನೊಬ್ಬ. ಸಖಾರಾಮ ಅಲ್ಲಿದ್ದನೇ ಎಂದು ಕೇಳಿದರೆ, ಅದನ್ನು ಕಂಡವರು ಯಾರೂ ಇರಲಿಲ್ಲ. ತಾನೂಬಾಯಿ ಆ ದಿನಗಳಲ್ಲಿ ಪೇಟೆಯ ಅಂಗಡಿಯೊಂದರಲ್ಲಿ ಕೆಲಸದಲ್ಲಿದ್ದಳು. ಸಂಜೆ ರೈಲು ಸ್ಟೇಶನ್ನಿಗೆ ಹೋಗಿ, ಇಳಿಯುವವರ ಮುಖ ನೋಡಿ ಮನೆಗೆ ಹೋಗುತ್ತಿದ್ದಳು.

ನಾಗಪಂಚಮಿ ಮುಂದಿರುವಾಗ ಪುಸ್ತಕಗಳ ಬೂಷ್ಟು ಒರೆಸಲು ಅವಳು ಹತ್ತಿ ಕಂಪನಿಗೆ ಬಂದಳು. ಹಿತ್ತಲ ಬಾವಿಯಲ್ಲಿ ಕೈಕಾಲು ತೊಳೆದು ಮೇಲೆ ನೋಡಿದಳು. ಕರಿ ಮಾಡಿನ ತುದಿಯಲ್ಲಿ ಹೊಸ ಗಾರೆ ಬೆಳ್ಳಗೆ ಕಾಣುತ್ತಿತ್ತು.

“ಅದನ್ನ ಯಾರು ಮಾಡಿದ್ರು ಮಾಸ್ತರ?”

ನಾನು ಉತ್ತರ ಹೇಳುವ ಮೊದಲೇ ಜಗಲಿಯಲ್ಲಿ ನಿಂತಿದ್ದ ರಾಯರು ಹೇಳಿದರು. “ನಾ ಮಾಡಸೀನವ್ವ. ನೀರು ಸೋರತಿತ್ತು.”

“ಸೋರಲಿ ಬಿಡಬೇಕಿತ್ತು ರಾವಸಾಹೇಬ.”

“ಸೋರಲಿ ಬಿಡಾಕ ನಿಮ್ಮನ್ನ ಯಾತಕ್ಕ ಇಟಗೋಬೇಕು? ಸೋರಬಾರದಂತನ ಅಲ್ಲೇನು ಇಷ್ಟೆಲ್ಲಾ?”

ಅವಳು ಸೆರಗಿಗೆ ಕೈ ಒರೆಸಿಕೊಂಡಳು. ದನಿ ಏರಿಸಲಿಲ್ಲ. “ನಿಮ್ಮ ಮನಿಯಾಗ ಮಂದಿ ಊರಿಗೆ ಹೊಂಟ ಬೆನ್ನಿಗೇ ಕಸಾ ಹೊಡೀತಾರೇನು?”

“ಇಲ್ಲ.”

“ಯಾಕ ಹೊಡ್ಯೂದಿಲ್ಲ?”

“ಯಾಕಂದ್ರ ಹೊಡೀಬಾರದು.”

“ಇದೂ ಅಷ್ಟ ರಾವಸಾಹೇಬ. ಕೂಡ್ರಸಬಾರದು.”

ರಾಯರು ಮಾಡಿನ ಕಡೆ ಸ್ವಲ್ಪ ಹೊತ್ತು ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, ಕನ್ನಡದಲ್ಲಿ, “ಮೊನ್ನೆ ನಾ ಮುಂಬೈಗೆ ಹೋದಾಗ ನಮ್ಮ ಮನಿಯಾಕಿ ಇಡೀ ದಿನಾ ಕಸಾ ಹೊಡೀಲಿಲ್ಲಂತ. ಅಂಗಳದಾಗ ಎಲಿ ಕೊಳತು ನಾರತಿದ್ವು. ಬಂದು ಬೈದೆ,” ಎಂದರು. ಬಿಳಿ ಗಾರೆಯ ಕಡೆ ಬೆರಳು ಮಾಡಿ, “ಏಣಿ ತರಸು,” ಎಂದರು.

ಮಳೆ ಜಿನುಗುತ್ತಿತ್ತು. ಮಾಡಿನ ಕೆಲಸದವರು ಬೇರೆ ಕಡೆ ಇದ್ದರು, ಕರೆಸುತ್ತೇನೆ ಎಂದೆ. ತಾನೂಬಾಯಿ ಕಾಯಲಿಲ್ಲ. ಸೀರೆಯ ಕಚ್ಚೆ ಬಿಗಿದು, ಉಳಿ ಸುತ್ತಿಗೆ ಸೊಂಟಕ್ಕೆ ಸಿಕ್ಕಿಸಿ, “ಏಣಿ ಗಟ್ಟ ಹಿಡೀರಿ ಮಾಸ್ತರ,” ಎಂದು ಹತ್ತಿದಳು. ನಾನು ಹಿಡಿದೆ. ರಾಯರು ಕೊಡೆ ಬಿಚ್ಚಿಕೊಂಡು ಅಂಗಳಕ್ಕೆ ಬಂದು, ಯಾರ ಮೇಲೂ ಹಿಡಿಯದೆ, “ಹಗೂರಕ, ಹಗೂರಕ” ಎನ್ನುತ್ತ ತಾವೇ ನೆನೆದರು.

ಗವಂಡಿ ಒಳ್ಳೆಯ ಕೆಲಸಗಾರ, ಗಾರೆ ಸುಲಭವಾಗಿ ಬಿಡಲಿಲ್ಲ. ಬಿಟ್ಟಾಗ ಹೆಂಚು ಇಡಿಯಾಗಿ ಬಂತು. ಆದರೆ ಅದರ ಕೆಳಗಿನ ಆಸರೆ ಒಡೆದುಹೋಯಿತು. ಮೊದಲಿನಂತೆ ಬರಿದೆ ಇಟ್ಟರೆ ಗಾಳಿಗೆ ಉರುಳಿ ಬೀಳುವುದು ಖಂಡಿತ. ಸಂದಿಯ ಮೇಲೆ ಒಂದು ತುಂಡು ತಾಡಪತ್ರಿ ಹೊದಿಸಿ ಕಲ್ಲು ಹೇರಿ ತಾನೂಬಾಯಿ ಹೆಂಚನ್ನು ಮಗುವಿನಂತೆ ಕಂಕುಳಲ್ಲಿ ಇಟ್ಟುಕೊಂಡು ಇಳಿದಳು. ಮನೆಗೆ ಒಯ್ಯುತ್ತೇನೆ ಎಂದಳು.

“ಇಲ್ಲೇ ಇರಲಿ,” ಎಂದರು ರಾಯರು. “ಈ ಮಾಡಿಂದು ಈ ಮಾಡಿನ ಕೆಳಗ ಇರಬೇಕು.” ಅದನ್ನು ಅವರ ಕಪಾಟಿನ ಮೇಲೆ ಇಟ್ಟೆವು.

ತಾಡಪತ್ರಿ ಎಷ್ಟು ತಡೆದೀತು. ನೀರು ಮತ್ತೆ ತೊಟ್ಟಿಕ್ಕತೊಡಗಿತು. ಮರುದಿನ ರಾಯರು ಮನೆಯಿಂದ ಒಂದು ಹಿತ್ತಾಳೆ ಪಾತೇಲಿ ತಂದರು. ಮೇಜನ್ನು ಒಂದಿಷ್ಟು ಸರಿಸಿ, ಪಾತೇಲಿಯನ್ನು ಪಕ್ಕದ ಸ್ಟೂಲಿನ ಮೇಲಿಟ್ಟು, ಅದರ ಟಣ್ ಟಣ್ ಸದ್ದಿನಲ್ಲೇ ಕೆಲಸ ಮಾಡಿದರು.

“ರಾಯರ, ತೀರ್ಥಾ ಹಂಚ್ತೀರೇನ್ರಿ?” ಎಂದ ಒಬ್ಬ ಗುಮಾಸ್ತ.

“ಸಾಲಾಗಿ ಬರ್ರಿ,” ಎಂದರು ರಾಯರು, ತಲೆ ಎತ್ತದೆ.

ಇಷ್ಟರಲ್ಲಿ, ಆ ಮಳೆಗಾಲ ಮುಂಬೈಗೂ ಪುಣೆಗೂ ಓಡಾಡುತ್ತಿದ್ದ ಸಾಹೇಬ ಬಂದ. ಹಿಂದೆ ಎಣ್ಣೆಗೆ ಅಂಟಿಕೊಂಡಿದ್ದವನೇ. ಪಾತೇಲಿಯ ಎದುರು ನಿಂತ. ಮಾತು ಇಂಗ್ಲಿಷಿನಲ್ಲಿ ನಡೆಯಿತು, ನಾನು ಬಾಗಿಲಲ್ಲಿದ್ದೆ.

“ಹುದ್ದಾರ, ಇದೇನು?”

“ಪಾತೇಲಿ, ಸರ್.”

“ಅದು ಕಾಣುತ್ತದೆ. ಮಾಡು ಏಕೆ ಸೋರುತ್ತಿದೆ?”

“ರಿಪೇರಿ ನಡೆದಿದೆ, ಸರ್. ಕೆಲಸಗಾರ ರಜೆಯ ಮೇಲಿದ್ದಾನೆ.”

“ಬೇರೊಬ್ಬನನ್ನು ಕರೆಸಿ.”

“ಇದು ಅವನೇ ಮುಗಿಸಬೇಕಾದ ಕೆಲಸ, ಸರ್.”

“ಯಾವಾಗ ಬರುತ್ತಾನೆ?”

“ಬರುತ್ತಾನೆ, ಸರ್.”

ಸಾಹೇಬ ಪಾತೇಲಿಯನ್ನು ಬಳಸಿಕೊಂಡು ತನ್ನ ಕೋಣೆಗೆ ಹೋದ. ಆದರೆ ನಮ್ಮ ಗುತ್ತಿಗೆದಾರರಿಗೆ ಹೇಳಿ ಕಳಿಸಿದ: ತಾನು ಮತ್ತೆ ಬರುವ ಹೊತ್ತಿಗೂ ಮಾಡು ಸೋರುತ್ತಿದ್ದರೆ ಈ ಕಟ್ಟಡದ ಕೆಲಸ ಬೇರೆಯವರಿಗೆ ಹೋಗುತ್ತದೆ. ಗುತ್ತಿಗೆದಾರರು ನನ್ನನ್ನು ಕರೆದು, ಇವತ್ತೇ ಗವಂಡಿಯನ್ನು ಹತ್ತಿಸು ಎಂದರು. ಅವರದು ತಪ್ಪಲ್ಲ. ಈ ಒಂದು ಕಟ್ಟಡವನ್ನು ನಂಬಿ ನಮ್ಮಲ್ಲಿ ಬಹಳ ಮನೆಗಳು ಒಲೆ ಹಚ್ಚುತ್ತಿದ್ದವು, ಸಖಾರಾಮನದೂ ಅದರಲ್ಲಿ ಒಂದು. ನಾನು ರಾಯರ ಬಳಿ ಹೋಗಿ ಇದ್ದದ್ದನ್ನು ಇದ್ದಹಾಗೆ ಹೇಳಿದೆ.

“ಸಾಹೇಬ ಬರೂದು ಮುಂದಿನ ವಾರ ಅಲ್ಲೇನು?”

“ಹೌದ್ರಿ.”

“ಹಂಗಾದ್ರ ಇನ್ನೂ ವಾರ ಅದ.”

“ಅಷ್ಟರಾಗ ಬರಲಿಲ್ಲಂದ್ರ?”

ರಾಯರು ಪಾತೇಲಿ ಎತ್ತಿ, ನೀರನ್ನು ಕಿಟಕಿಯಿಂದ ಹೊರಗೆ ಚೆಲ್ಲಿ, ಮತ್ತೆ ಅದೇ ಜಾಗದಲ್ಲಿ ಇಟ್ಟರು. “ಅಂದಿಂದು ಅಂದ ನೋಡೂಣು. ನಾ ಇವತ್ತ ಆ ಹುಡುಗಿ ಎದುರಿಗೆ ಗವಂಡೀನ್ನ ಹತ್ತಸಂಗಿಲ್ಲ.” ತಾನೂಬಾಯಿ ಆಗ ಹುಡುಗಿಯೇನಲ್ಲ. ಅವರು ಹಾಗೆ ಅಂದರು, ಅದಕ್ಕೇ ಹಾಗೆ ಬರೆದಿದ್ದೇನೆ.

ಆ ದಿನಗಳಲ್ಲಿ ತಾನೂಬಾಯಿ ಅಳುವುದನ್ನು ನಾನು ನೋಡಿಲ್ಲ. ನೋಡಿದ್ದು ಇಷ್ಟೇ: ಪುಸ್ತಕದ ಬೂಷ್ಟು ಒರೆಸುವ ಅರಿವೆಯಿಂದ ದಿನಕ್ಕೊಮ್ಮೆ ಕಪಾಟಿನ ಮೇಲಿನ ಹೆಂಚನ್ನೂ ಒರೆಸುತ್ತಿದ್ದಳು. ಅದರ ಹೊಟ್ಟೆಗೆ ಹತ್ತಿದ್ದ ಗಾರೆಯನ್ನು ಉಗುರಿನಿಂದ ಕೆರೆದು ತೆಗೆಯುತ್ತಿದ್ದಳು. ಗುಮಾಸ್ತರು ಆ ಹೊತ್ತಿಗೆ ತಮಾಷೆ ಮಾಡುವುದನ್ನು ನಿಲ್ಲಿಸಿದ್ದರು. ಬಾಗಿಲ ಕಡೆ ಯಾರ ನೆರಳು ಬಿದ್ದರೂ ಇಡೀ ಕಚೇರಿ ತಲೆ ಎತ್ತಿ ನೋಡುತ್ತಿತ್ತು.

ಬಿಸಿಲಿನಲ್ಲೇ ಮಳೆ ಬೀಳುತ್ತಿದ್ದ ಒಂದು ಮಧ್ಯಾಹ್ನ ಹಿತ್ತಲ ಗೇಟು ತೆರೆದ ಸದ್ದಾಯಿತು. ಸಖಾರಾಮ ಬಂದಿದ್ದ. ಮೈ ಅರ್ಧ ಇಳಿದುಹೋಗಿತ್ತು. ಕಾಲಿಗೆ ಅರಿವೆ ಸುತ್ತಿತ್ತು, ಕೊರಳಲ್ಲಿ ತಾಳ ಹಾಗೇ ಇತ್ತು. ಮನೆಗೆ ಬೀಗ ಕಂಡು, ಹೆಂಡತಿ ಇಲ್ಲಿರಬಹುದೆಂದು ನೇರ ಬಂದಿದ್ದ.

ತಾನೂಬಾಯಿ ಅರಿವೆ ಹಿಡಿದುಕೊಂಡೇ ಹೊರಗೆ ಬಂದಳು. “ಯಾರ ಕೈಯಾಗರ ಹೇಳಿ ಕಳಸಬೇಕಂತ ತಿಳೀಲಿಲ್ಲೇನು?”

“ಯಾರ ಕೈಯಾಗ ಕಳಸಲಿ? ಬರೋ ಮಂದೀನೆಲ್ಲಾ ಅಲ್ಲೇ ತಡದಿದ್ರು.”

ನಡೆದದ್ದನ್ನು ಅವನು ಎರಡೇ ಮಾತಿನಲ್ಲಿ ಹೇಳಿದ. ಅವನ ದಿಂಡಿಯ, ಅಂದರೆ ಜೊತೆಗೆ ನಡೆಯುವ ಭಜನೆಯ ಗುಂಪಿನ, ಒಬ್ಬ ಮುದುಕನಿಗೆ ತಂಗುದಾಣದಲ್ಲಿ ಬೇನೆ ಹತ್ತಿತು. ಜೊತೆಯವರು ಮುಂದೆ ಹೋದರು. ಇವನು ಉಳಿದ. ಮುದುಕ ಎದ್ದು ಕೂರುವಂತಾದ ಮೇಲೆ ಬಂಡಿಯಲ್ಲಿ ಹಾಕಿಕೊಂಡು ಸಾಸವಡದ ಆಚೆ ಇರುವ ಅವನ ಹಳ್ಳಿಗೆ ಮುಟ್ಟಿಸಿ, ಘಾಟ ಇಳಿದು ನಡೆದು ಬಂದ. “ನನಗೂ ಒಂದೀಟು ಹೊಟ್ಟಿ ಹೋಗಿತ್ತು,” ಎಂದು ಕೊನೆಗೆ ಸೇರಿಸಿದ. ಆಮೇಲೆ ಮಾಡಿನ ಕಡೆ ನೋಡಿದ.

“ಹೆಂಚು ಎಲ್ಲದ?”

ರಾಯರು ಒಳಗೆ ಹೋಗಿ, ಕಪಾಟಿನ ಮೇಲಿಂದ ಹೆಂಚನ್ನು ತಾವೇ ಎರಡು ಕೈಯಲ್ಲಿ ಹಿಡಿದು ತಂದರು. ಸಖಾರಾಮ ಅದನ್ನು ತಿರುಗಿಸಿ ನೋಡಿದ. ಉಗುರಿಗೆ ಸಿಗದ ಬಿಳಿ ಕಲೆ ಅಲ್ಲಲ್ಲಿ ಉಳಿದಿತ್ತು.

“ಇದಕ್ಕ ಗಾರಿ ಹತ್ತಿತ್ತು.”

“ಗಾಳಿಗೆ ಹತ್ತಿರಬೇಕು,” ಎಂದಳು ತಾನೂಬಾಯಿ.

“ನಾ ಹಚ್ಚಸಿದ್ದೆ,” ಎಂದರು ರಾಯರು. “ನಿನ್ನ ಹೆಣ್ತಿ ಹತ್ತಿ ತಗದ್ಲು.”

“ಯಾವಾಗ?”

“ಪಂಚಮಿ ಮುಂದ,” ಎಂದಳು ಅವಳು.

ಸಖಾರಾಮ ಬೆರಳು ಮಡಚಿ ದಿನ ಎಣಿಸಿ, “ಮುದುಕ ಗಂಜಿ ಬೇಡಿದ್ದೂ ಆಗನ,” ಎಂದ. ಇದು ಅವನ ಮಾತು. ತಾಳೆ ನೋಡಲು ನನ್ನ ಬಳಿ ಏನೂ ಇರಲಿಲ್ಲ.

ಊಟ ಮಾಡಿ ಹತ್ತು ಎಂದರೂ ಕೇಳಲಿಲ್ಲ. ತಾನೂಬಾಯಿ ಗಾರೆ ಕಲಸಿದಳು, ಅವನು ಹತ್ತಿ ಕೂರಿಸಿದ. ಮೇಲೆ ಅವನು ಕರಣಿಯಿಂದ ತಟ್ಟುವ ಸದ್ದು ಒಳಗಿನ ಕೋಣೆಗೂ ಕೇಳುತ್ತಿತ್ತು. ಸದ್ದು ನಿಂತಾಗ ಪಾತೇಲಿಯ ಟಣ್ ಟಣ್ ಕೂಡ ನಿಂತಿತ್ತು. ಇಳಿದು ಬಂದು ಸೊಂಟದ ಗಂಟು ಬಿಚ್ಚಿದ. ಚುರಮುರಿ ಮೆತ್ತಗಾಗಿತ್ತು, ಬತ್ತಾಸು ಕರಗಿ ಒಂದಕ್ಕೊಂದು ಹತ್ತಿದ್ದವು. ರಾಯರು ಕೈ ಚಾಚಿ ತೆಗೆದುಕೊಂಡು, ಕನ್ನಡಕ ತೆಗೆದು ಪ್ರಸಾದವನ್ನು ಕಣ್ಣಿಗೆ ಒತ್ತಿಕೊಂಡು ಬಾಯಿಗೆ ಹಾಕಿಕೊಂಡರು.

ಸಾಹೇಬ ಬಂದಾಗ ಮಾಡು ಒಣಗಿತ್ತು. ಪಾತೇಲಿ ಮಾತ್ರ ಸ್ಟೂಲಿನ ಮೇಲೆ ಇನ್ನೂ ಇತ್ತು. ಅವನು ಅದನ್ನೂ ರಾಯರನ್ನೂ ನೋಡಿದ. “ನಿಮ್ಮ ಮನುಷ್ಯ ಬಂದನೇ?” ಎಂದು ಕೇಳಿದ. “ಬಂದ, ಸರ್,” ಎಂದರು ರಾಯರು. ಕಟ್ಟಡದ ಕೆಲಸ ನಮ್ಮಲ್ಲೇ ಉಳಿಯಿತು.

ಮರುವರ್ಷದಿಂದ ರಾಯರು ಪಾಲಖಿ ಪುಣೆಗೆ ಬಂದ ದಿನ ಮೇಜನ್ನು ತಾವಾಗಿ ಸರಿಸಿ, ಪಾತೇಲಿಯನ್ನು ಅದರ ಜಾಗದಲ್ಲಿ ಇಡುತ್ತಿದ್ದರು. ನಿವೃತ್ತರಾಗಿ ಬೆಳಗಾವಿಗೆ ಹೊರಟಾಗ ಅದನ್ನು ಒಯ್ಯಲಿಲ್ಲ. “ಇದು ಕಚೇರಿ ಸಾಮಾನು,” ಎಂದರು. ಅವರು ಹೊರಟ ದಿನ ತಾನೂಬಾಯಿ ಅವರ ಕೋಣೆ ಗುಡಿಸಲಿಲ್ಲ.

ಆಮೇಲೆ ಕೆಲಸದ ರೀತಿ ಬದಲಾಯಿತು. ವಿದ್ಯುತ್ ಪಂಖಾ ಬಂದು ಲಾವಂಚದ ತಟ್ಟಿ ಹೋಯಿತು. ಬೇವಿನ ಎಲೆ, ಕರ್ಪೂರದ ಜಾಗಕ್ಕೆ ಫಿನೈಲು ಬಂತು. ಎರಡನೆಯ ಯುದ್ಧಕ್ಕೆ ಸ್ವಲ್ಪ ಮೊದಲು ಹತ್ತಿ ಕಂಪನಿಯವರು ನಾಡಹೆಂಚು ತೆಗೆಸಿ ತಗಡಿನ ಪತ್ರಾ ಹೊದಿಸಿದರು. ಬೋಲ್ಟು ಬಿಗಿದರೆ ಆಯಿತು, ವರ್ಷವರ್ಷ ಇಳಿಸಿ ಏರಿಸುವ ಗೊಡವೆಯಿಲ್ಲ. ನಮ್ಮ ಅರ್ಧ ಜನಕ್ಕೆ ಬೇರೆ ಕೆಲಸ ಹುಡುಕುವುದು ನನ್ನ ಪಾಲಿಗೆ ಬಂತು. ಕೆಲವರಿಗೆ ಸಿಕ್ಕಿತು, ಎಲ್ಲರಿಗೂ ಸಿಗಲಿಲ್ಲ.

ಪತ್ರಾ ಹೊದಿಸುವ ದಿನ ಸಖಾರಾಮ ಕೆಳಗೆ ಕೂತು ನೋಡುತ್ತಿದ್ದ. ಆಗ ಅವನ ಮೊಣಕಾಲು ಹತ್ತಲು ಬಿಡುತ್ತಿರಲಿಲ್ಲ, ಪಂಢರಪುರದ ವಾರಿಗೆ ಅವನ ಮಗ ನಡೆದುಹೋಗುತ್ತಿದ್ದ. ಕೆಲಸ ಮುಗಿಯುವ ಹೊತ್ತಿಗೆ ಫಿಟ್ಟರನನ್ನು ಕೂಗಿದ.

“ಏ ಬಾಬಾ, ತುದೀದೊಂದು ಸಡಲ ಇಡು.”

“ಸಡಲ ಇಟ್ರ ನೀರು ಬರತದ ಅಜ್ಜಾ.”

“ಬರಲಿ. ಕೆಳಗ ಪಾತೇಲಿ ಅದ.”

ಫಿಟ್ಟರ ನನ್ನ ಮುಖ ನೋಡಿದ. ನಾನು, ಇಡು ಎಂದೆ. ಮಗ ಪಂಢರಪುರದಿಂದ ಮರಳಿದ ಮೇಲೆ ತಾನೇ ಹತ್ತಿ ಅದನ್ನು ಬಿಗಿದ. ಅದೇ ನಡೆದುಕೊಂಡು ಬಂತು. ಸಖಾರಾಮ ತನ್ನ ಮನೆಯಲ್ಲಿ, ತನ್ನ ಹಾಸಿಗೆಯಲ್ಲಿ ತೀರಿಕೊಂಡ. ತಾನೂಬಾಯಿ ಇದ್ದಾಳೆ. ಮಗ ಈಗಲೂ ನಿಮ್ಮ ಜೊತೆ ಕೆಲಸದಲ್ಲಿದ್ದಾನೆ.

ಆದ್ದರಿಂದ ನನ್ನ ಜಾಗಕ್ಕೆ ಬಂದವರಿಗೆ ಒಂದು ಮಾತು. ಆಷಾಢದಲ್ಲಿ ಆ ಕಟ್ಟಡದ ತಪಾಸಣೆಗೆ ಹತ್ತಿದಾಗ, ಹಿತ್ತಲ ಕಡೆಯ ತುದಿಯಲ್ಲಿ ಒಂದು ಬೋಲ್ಟು ಸಡಿಲವಾಗಿ ಕಾಣುತ್ತದೆ. ಯಾರದೋ ಅಜಾಗರೂಕತೆ ಎಂದು ಬಿಗಿಯಬೇಡಿ. ಕೆಳಗಿಳಿದು, ಯಾರು ಊರಿಗೆ ಹೋಗಿದ್ದಾರೆ ಎಂದು ಕೇಳಿ. ಅವರು ಬರುವವರೆಗೆ ನೀರು ಬೀಳುವುದು ಹೆಡ್ ಕ್ಲಾರ್ಕರ ಕೋಣೆಯಲ್ಲಿ, ಕಿಟಕಿಯ ಪಕ್ಕದಲ್ಲಿ. ಹಿತ್ತಾಳೆ ಪಾತೇಲಿ ಕಪಾಟಿನ ಮೇಲಿದೆ.